ನಾನು ಬರೆಯದ ನನ್ನ ಅಕ್ಷರ

ಮದುವೆಯಾಗಿ ಜಯನಗರದ ಮನೆಗೆ ಬಂದ ಹೊಸತರಲ್ಲಿ ಅತ್ತೆ ನನಗೆ ವಹಿಸಿದ ಕೆಲಸಗಳಲ್ಲಿ ಉಪ್ಪಿನಕಾಯಿ ಜಾಡಿಗಳಿಗೆ ಚೀಟಿ ಬರೆದು ಅಂಟಿಸುವುದೂ ಒಂದು. ಮಾಕಳಿಬೇರು, ಹೇರಳೆಕಾಯಿ, ಮಾವಿನ ಮಿಡಿ ಅಂತ ಬರೆದು ಅಂಟಿಸಿದ್ದೆ. ಊಟ ಮುಗಿಸಿ ಕೈತೊಳೆಯಲು ಹೊರಟ ಮಾವನವರು ಅಡುಗೆಮನೆಯ ಬಾಗಿಲಲ್ಲೇ ನಿಂತುಬಿಟ್ಟರು.

"ಇದನ್ನ ಬರೆದೋರು ಯಾರು?"

ಏನೋ ತಪ್ಪಾಗಿದೆ ಅಂದುಕೊಂಡ ಅತ್ತೆ, "ನಿಮ್ಮ ಸೊಸೇನೇ. ನಾನು ಹೇಳ್ದೆ, ಸಾದಾ ಬರಿಯಮ್ಮ, ಇಷ್ಟು ಬಳುಕಿಸಬೇಡ ಅಂತ" ಅಂದರು. ಮಾವನವರು ಎಂಜಲು ಕೈಯನ್ನು ಹಿಂದಕ್ಕೆ ಹಿಡಿದುಕೊಂಡು, ಜಾಡಿಗೆ ಮುಖ ತಾಗುವಷ್ಟು ಬಗ್ಗಿ ಆ ಮೂರು ಚೀಟಿಗಳನ್ನೂ ನೋಡಿದರು. ಆಮೇಲೆ ನನ್ನನ್ನು ನೋಡಿದರು. ನಾನು ಆ ಮನೆಗೆ ಬಂದ ಮೇಲೆ ಅವರು ನನ್ನ ಮುಖವನ್ನು ಸರಿಯಾಗಿ ನೋಡಿದ್ದು ಅದೇ ಮೊದಲು ಅಂತ ಕಾಣುತ್ತದೆ.

ಮಾವನವರದ್ದು ಸಣ್ಣ ಅಚ್ಚುಕೂಟ. ಬಸವನಗುಡಿಯಲ್ಲಿದ್ದದ್ದನ್ನು, ಜಯನಗರದಲ್ಲಿ ಮನೆ ಕಟ್ಟಿಸಿದ ಮೇಲೆ, ಕಾಂಪೌಂಡಿನೊಳಗೇ ಒಂದು ಶೆಡ್ಡು ಹಾಕಿಸಿ ಅಲ್ಲಿಗೆ ತಂದಿದ್ದರು. ಕಾಲಲ್ಲಿ ತುಳಿಯುವ ಒಂದು ಟ್ರೆಡಲ್ ಯಂತ್ರ, ಗೋಡೆಯುದ್ದಕ್ಕೂ ಅಚ್ಚಿನ ಮೊಳೆಗಳ ಖಾನೆಗಳು, ಸದಾ ಸೀಮೆಎಣ್ಣೆಯ ವಾಸನೆ. ಹೆಚ್ಚಿನ ಕೆಲಸವೆಲ್ಲ ಮದುವೆ ಪತ್ರಿಕೆ, ಉಪನಯನ, ಗೃಹಪ್ರವೇಶ. ಇಂಗ್ಲಿಷಿನಲ್ಲಿ ಪತ್ರಿಕೆ ಮಾಡಿಸುವವರಿಗೆ ಅವರ ಹತ್ತಿರ ಸ್ಕ್ರಿಪ್ಟ್ ಮೊಳೆಗಳಿದ್ದವು. ಯಾರೋ ನುರಿತವರು ಪೆನ್ನಿನಲ್ಲಿ ಬರೆದ ಹಾಗೆ, ಒಂದರ ಕೈಯನ್ನು ಇನ್ನೊಂದು ಹಿಡಿದುಕೊಂಡು ಹೋಗುವ ಅಕ್ಷರಗಳು. ಕನ್ನಡಕ್ಕೆ ಅಂಥದ್ದು ಏನೂ ಇರಲಿಲ್ಲ. ಕನ್ನಡದ ಮೊಳೆಗಳು ಪಾಠದ ಪುಸ್ತಕದ ಹಾಗೆ ನೆಟ್ಟಗೆ ಕೂತಿರುತ್ತಿದ್ದವು. "ಮದುಮಗಳ ಹೆಸರೂ ಹಂಗೇ, ಮುಹೂರ್ತದ ಟೈಮೂ ಹಂಗೇ. ಯಾವುದು ಶುಭ, ಯಾವುದು ಲೆಕ್ಕ ಅಂತ ಗೊತ್ತಾಗಲ್ಲ" ಎಂದು ಮಾವನವರು ಗೊಣಗುತ್ತಿದ್ದರು.

ಹೀಗೆ ನನ್ನ ಕೆಲಸ ಶುರುವಾಯಿತು. ವಧೂವರರ ಹೆಸರನ್ನು ಓರೆಯಾಗಿ ಕತ್ತರಿಸಿದ ಬಿದಿರುಕಡ್ಡಿಯಿಂದ ಕಪ್ಪು ಶಾಯಿಯಲ್ಲಿ ದಪ್ಪ ಕಾಗದದ ಮೇಲೆ ದೊಡ್ಡದಾಗಿ ಬರೆಯುತ್ತಿದ್ದೆ. ಅದನ್ನು ಚಿಕ್ಕಪೇಟೆಯ ಕಡೆ ಒಬ್ಬರಿಗೆ ಕೊಟ್ಟರೆ, ಅವರು ಫೋಟೋ ಹಿಡಿದು ಸಣ್ಣದು ಮಾಡಿ, ಸತುವಿನ ತಗಡಿನಲ್ಲಿ ಅಚ್ಚೊತ್ತುವ ಬ್ಲಾಕ್ ಮಾಡಿ ಮರದ ತುಂಡಿಗೆ ಬಡಿದು ಕೊಡುತ್ತಿದ್ದರು. ಉಳಿದ ಸಾಲುಗಳೆಲ್ಲ ಮಾಮೂಲಿ ಮೊಳೆ, ಹೆಸರು ಮಾತ್ರ ನನ್ನ ಅಕ್ಷರ. ತಲೆಕಟ್ಟನ್ನು ನಾನು ಗೆರೆಯ ಹಾಗೆ ಎಳೆಯದೆ ಗಾಳಿಗೆ ಸ್ವಲ್ಪ ಬಲಕ್ಕೆ ವಾಲಿದಂತೆ ಬಿಡುತ್ತಿದ್ದೆ. ದೀರ್ಘಗಳು ಅಗಲವಾಗಿ ತೆರೆದುಕೊಳ್ಳುತ್ತಿದ್ದವು. ಹೆಸರಿನ ಕೊನೆಯ ಅಕ್ಷರದಿಂದ ಒಂದು ಬಳ್ಳಿ ಇಳಿದು, ಇಡೀ ಹೆಸರಿನ ಕೆಳಗೆ ಹಾಯ್ದು ನಿಲ್ಲುತ್ತಿತ್ತು.

ಜನಕ್ಕೆ ಅದು ಹಿಡಿಸಿತು. ಊದುಬತ್ತಿ ಪ್ಯಾಕೆಟ್ಟಿಗೂ, ಗಾಂಧಿಬಜಾರಿನ ಬಟ್ಟೆ ಅಂಗಡಿಯೊಂದರ ಚೀಲಕ್ಕೂ, ಕ್ಯಾಲೆಂಡರಿನ ತಲೆಗೂ ಅದನ್ನೇ ಕೇಳಿದರು. ಮಾವನವರು ಎಲ್ಲಕ್ಕೂ ಒಪ್ಪುತ್ತಿರಲಿಲ್ಲ. ಇಡೀ ಪತ್ರಿಕೆಯನ್ನೇ ಈ ಅಕ್ಷರದಲ್ಲಿ ಹಾಕಿ ಅಂದವರಿಗೆ, "ಹಾಕಬಹುದು. ಆದ್ರೆ ಮುಹೂರ್ತ ಎಷ್ಟೊತ್ತಿಗೆ ಅಂತ ಓದಕ್ಕಾಗದೆ ಎಲ್ಲರೂ ಊಟದ ಹೊತ್ತಿಗೇ ಬರ್ತಾರೆ" ಅನ್ನುತ್ತಿದ್ದರು. ವೈಕುಂಠ ಸಮಾರಾಧನೆಯ ಕಾರ್ಡಿಗೆ ಯಾರೋ ಕೇಳಿದಾಗ ಖಡಾಖಂಡಿತವಾಗಿ ಬೇಡವೆಂದರು. "ಆ ಅಕ್ಷರ ನಗ್ತಾ ಇರತ್ತೆ. ಅಲ್ಲಿಗೆ ಬೇಡ."

ಅತ್ತೆಗೆ ಮಾತ್ರ ಇದು ಮೊದಲಿನಿಂದಲೂ ಸರಿಬರಲಿಲ್ಲ. ಮನೆಯ ಸೊಸೆ ಕಂಡವರ ಗಂಡುಮಕ್ಕಳ ಹೆಸರನ್ನು ಅಷ್ಟು ನಾಜೂಕಾಗಿ ತಿದ್ದಿ ತಿದ್ದಿ ಬರೆಯುವುದರಲ್ಲಿ ಅವರಿಗೆ ಏನೋ ಎಡವಟ್ಟು ಕಾಣುತ್ತಿತ್ತು. ನಾನು ಬರೆಯಲು ಕೂತರೆ ಹೂ ಕಟ್ಟುವ ನೆಪದಲ್ಲಿ ಎದುರಿಗೆ ಬಂದು ಕೂರುತ್ತಿದ್ದರು. ಹೆಣ್ಣಿನ ಹೆಸರಿಗಿಂತ ಗಂಡಿನ ಹೆಸರಿಗೆ ಬಳ್ಳಿ ಉದ್ದವಾದರೆ, "ಅದಕ್ಯಾಕೆ ಅಷ್ಟು ಉದ್ದ?" ಅನ್ನುತ್ತಿದ್ದರು.

ನಮ್ಮ ಎದುರು ಮನೆಯವರು ಅಲ್ಲಿಯ ಹಳೆಯ ಹಳ್ಳಿಯವರು. ಅವರ ಹೊಲದ ಮೇಲೇ ಬಡಾವಣೆಯ ರಸ್ತೆಗಳು ಬಂದಿದ್ದವು. ಮನೆಯ ಯಜಮಾನರು ಉಳಿದ ಜಾಗದಲ್ಲಿ ತಾರಸಿ ಮನೆ ಕಟ್ಟಿಸಿ, ಹಿಂದಿನ ಔಟ್‌ಹೌಸನ್ನು ಬಾಡಿಗೆಗೆ ಕೊಟ್ಟಿದ್ದರು. ಆದರೂ ಬೆಳಿಗ್ಗೆ ಎದ್ದರೆ ಬನಶಂಕರಿಯ ಕಡೆ ಇನ್ನೂ ಇದ್ದ ರಾಗಿಹೊಲಕ್ಕೆ ನಡೆದುಕೊಂಡೇ ಹೋಗಿ ಬರುತ್ತಿದ್ದರು. ಅವರಿಗೆ ಒಬ್ಬಳೇ ಮಗಳು. ಇಂಟರ್‌ಮೀಡಿಯೆಟ್ ಮುಗಿಸಿ ಮನೆಯಲ್ಲಿದ್ದಳು. ಕಸೂತಿಯಲ್ಲಿ ಭಾರೀ ಚುರುಕು. ನನ್ನ ಅಕ್ಷರ ನೋಡಿ ಆಸೆಪಟ್ಟು, ಬಾಗಿಲ ಪರದೆಗೆ 'ಸುಸ್ವಾಗತ' ಅಂತ ಬರೆಸಿಕೊಂಡು ಹೋಗಿ ಕೆಂಪು ದಾರದಲ್ಲಿ ಹಾಕಿದ್ದಳು. ಹಾಳಾದ ಪತ್ರಿಕೆಗಳಿದ್ದರೆ ಕೊಡಿ, ಮಾದರಿಗೆ ಇಟ್ಟುಕೊಳ್ಳುತ್ತೇನೆ ಎಂದು ಆಗಾಗ ಕೇಳಿಕೊಂಡು ಬರುತ್ತಿದ್ದಳು. ನಾನು ಕೊಡುತ್ತಿದ್ದೆ.

ಒಂದು ದಿನ ಬೆಳಿಗ್ಗೆ ಅಂಚೆಯವನು ಹೋದ ಸ್ವಲ್ಪ ಹೊತ್ತಿಗೆ ಆ ಯಜಮಾನರು ನಮ್ಮ ಗೇಟು ತಳ್ಳಿಕೊಂಡು ಬಂದರು. ಚಪ್ಪಲಿ ಸಮೇತ ಶೆಡ್ಡಿನೊಳಗೆ ಹೋದರು. ಅವರು ಹಾಗೆ ಮಾಡುವವರಲ್ಲ.

"ಏನ್ ಸ್ವಾಮೀ ಇದು? ಎದುರು ಮನೇಲಿದ್ಕೊಂಡು ಇಂಥ ಕೆಲಸಾನಾ?"

ಅವರ ಕೈಯಲ್ಲಿದ್ದದ್ದು ಒಂದು ಮದುವೆ ಪತ್ರಿಕೆ. ಅವರ ಮಗಳ ಮದುವೆ. ವರ, ಅವರ ಔಟ್‌ಹೌಸಿನಲ್ಲಿ ಬಾಡಿಗೆಗಿದ್ದು ಕೆಲವು ತಿಂಗಳ ಹಿಂದೆ ಮನೆ ಬದಲಾಯಿಸಿದ ಹುಡುಗ. ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತ. ಜಾತಿ ಬೇರೆ. ಇನ್ನು ಹದಿನೈದು ದಿನಕ್ಕೆ ಹನುಮಂತನಗರದ ಗುಡ್ಡದ ದೇವಸ್ಥಾನದಲ್ಲಿ ಮುಹೂರ್ತ. ಕೆಳಗೆ ಹಿರಿಯರ ಹೆಸರಿಲ್ಲ, 'ತಮ್ಮ ಆಗಮನಾಭಿಲಾಷಿಗಳು' ಅಂತ ಅಷ್ಟೇ. ನಡುವೆ ಇಬ್ಬರ ಹೆಸರು, ನನ್ನ ಅಕ್ಷರದಲ್ಲಿ. ಬೀದಿಯ ಎಲ್ಲ ಮನೆಗೂ, ಅರೆಕೆರೆಯಲ್ಲಿದ್ದ ಅವರ ನೆಂಟರಿಗೂ ಬುಕ್ ಪೋಸ್ಟಿನಲ್ಲಿ ಬಂದಿತ್ತು. ನಮ್ಮ ಮನೆಗೂ ಬಂದಿತ್ತು. ಅತ್ತೆ ಇನ್ನೂ ಬಿಚ್ಚಿರಲಿಲ್ಲ.

"ಇದು ನಮ್ಮಲ್ಲಿ ಆದದ್ದಲ್ಲ" ಎಂದರು ಮಾವನವರು.

"ಈ ಅಕ್ಷರ ಇನ್ಯಾರ ಹತ್ರ ಐತೆ, ಹೇಳಿ. ಇಡೀ ಬೀದಿಗೆ ಗೊತ್ತು."

ಮಾವನವರು ನನ್ನನ್ನು ಕರೆದರು. ನಾನು ಸೆರಗಿಗೆ ಕೈಯೊರೆಸಿಕೊಂಡು ಹೋದೆ. ಪತ್ರಿಕೆಯನ್ನು ನನ್ನ ಮುಂದೆ ಹಿಡಿದು, "ಇದು ನಿನ್ನ ಅಕ್ಷರ ತಾನೇನಮ್ಮ?" ಎಂದು ಕೇಳಿದರು.

ನೋಡಿದೆ. ಅದೇ ವಾಲು, ಅದೇ ತಲೆಕಟ್ಟು. ಬೇರೆಯವರು ಅನುಕರಿಸಿದ್ದಲ್ಲ, ಅದರಲ್ಲಿ ಅನುಮಾನವೇ ಇರಲಿಲ್ಲ. ಆದರೆ ಆ ಎರಡು ಹೆಸರನ್ನು ಜೊತೆಯಾಗಿ ನಾನು ಬರೆದದ್ದೇ ಇಲ್ಲ.

"ಅಕ್ಷರ ನಂದೇ ಮಾವ. ಆದ್ರೆ ನಾನು ಬರೆದಿಲ್ಲ."

ಹೇಳಿದ ಕ್ಷಣವೇ ನನಗೇ ಅನ್ನಿಸಿತು, ಇದನ್ನು ಯಾರು ನಂಬುತ್ತಾರೆ. ಯಜಮಾನರು ನನ್ನನ್ನೂ ಮಾವನವರನ್ನೂ ಒಂದು ಸುತ್ತು ನೋಡಿ, "ನನ್ ಮಗಳು ನಂಗೇನೂ ಗೊತ್ತಿಲ್ಲ ಅಂತಾಳೆ, ನಿಮ್ ಸೊಸೆ ಬರ್ದಿಲ್ಲ ಅಂತಾಳೆ. ಹಂಗಾದ್ರೆ ದೇವ್ರು ಬರ್ದ ಅನ್ನಿ" ಅಂದು ಹೊರಟುಹೋದರು.

ಅಂದಿನಿಂದ ಮನೆಯ ಗಾಳಿಯೇ ಬದಲಾಯಿತು. ಯಾರೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅತ್ತೆ ನನ್ನ ಶಾಯಿಯ ಬಾಟಲಿಯನ್ನು ದೇವರ ಮನೆಯ ಮೇಲಟ್ಟಕ್ಕೆ ಸೇರಿಸಿದರು. ಕೇಳಿದರೆ, "ಚೆಲ್ಲಿಬಿಟ್ಟೀತು ಅಂತ" ಎಂದರು. ತರಕಾರಿಗೆ ಹೊರಟರೆ ತಾವೂ ಚೀಲ ಹಿಡಿದು ಹೊರಟರು. ಮಾವನವರು ಹಳೆಯ ಬ್ಲಾಕುಗಳನ್ನು ಇಡುತ್ತಿದ್ದ ಬೀರುವಿಗೆ ಬೀಗ ಹಾಕಿ, ಬೀಗದ ಕೈಯನ್ನು ಉಡಿದಾರಕ್ಕೆ ಕಟ್ಟಿಕೊಂಡರು. ಶೆಡ್ಡಿನಲ್ಲಿ ಮೊಳೆ ಜೋಡಿಸುತ್ತಿದ್ದ ವಯಸ್ಸಾದ ಕೆಲಸಗಾರರನ್ನೂ ಬಿಡದೆ, ಎರಡೆರಡು ಸಲ ಸುತ್ತಿ ಬಳಸಿ ಕೇಳಿದರು. ಪಾಪ, ಆ ಮನುಷ್ಯ ಮಧ್ಯಾಹ್ನದ ಕಾಫಿ ಮುಟ್ಟದೆ ಹೋದರು.

ನಮ್ಮ ಮನೆಯವರು ಆಫೀಸಿನಿಂದ ಬಂದು, ಕಾಫಿ ಕುಡಿದು, ಒಂದು ಕಾಗದ ಮತ್ತು ಪೆನ್ಸಿಲು ನನ್ನ ಮುಂದಿಟ್ಟರು.

"ಆ ಎರಡು ಹೆಸರು ಬರಿ ನೋಡೋಣ."

"ಯಾಕೆ?"

"ಸುಮ್ನೆ ಬರಿ."

ಬರೆದೆ. ಅವರು ಪತ್ರಿಕೆಯನ್ನು ಪಕ್ಕದಲ್ಲಿಟ್ಟು, ಕಿಟಕಿಯ ಬೆಳಕಿಗೆ ಹಿಡಿದು ಹೋಲಿಸಿದರು. ನಾನು ಬರೆದ ಹೆಸರುಗಳು ಪತ್ರಿಕೆಯಲ್ಲಿದ್ದ ಹಾಗೆ ಇರಲಿಲ್ಲ. ನನ್ನ ಎದೆ ಹಗುರಾಗುವಷ್ಟರಲ್ಲಿ ಅವರು, "ಬೇಕಂತಲೇ ಬೇರೆ ಥರ ಬರೆದಿದ್ದೀಯ ಅಲ್ವಾ?" ಎಂದರು. ಆ ಮಾತು ನನ್ನನ್ನು ತುಂಬ ನೋಯಿಸಿತು. ನೋವಿನ ಜೊತೆಗೆ ನನ್ನಲ್ಲೂ ಒಂದು ಅನುಮಾನ ಹುಟ್ಟಿತು. ಆ ಬಾಡಿಗೆ ಹುಡುಗನೂ ಇವರೂ ಒಂದೇ ಬಸ್ಸಿನಲ್ಲಿ ಕಚೇರಿಗೆ ಹೋಗುತ್ತಿದ್ದವರು. ಒಟ್ಟಿಗೆ ನಿಂತು ನಗುತ್ತಿದ್ದುದನ್ನು ನಾನೇ ನೋಡಿದ್ದೆ. ಇವರೇ ಬೀರುವಿನಿಂದ ಏನಾದರೂ ತೆಗೆದುಕೊಟ್ಟು, ಈಗ ನನ್ನನ್ನು ಪರೀಕ್ಷೆ ಮಾಡುವ ಹಾಗೆ ನಾಟಕ ಆಡುತ್ತಿದ್ದಾರಾ? ಕೇಳಿಯೇಬಿಟ್ಟೆ.

"ನೀವು ಅವನಿಗೆ ಏನಾದ್ರೂ ಸಹಾಯ ಮಾಡಿದ್ರಾ?"

"ನಾನಾ? ನಿಂಗೆ ತಲೆ ಕೆಟ್ಟಿದೆಯಾ?" ಎಂದರು. ಆದರೆ ಹಾಗೆನ್ನುವ ಮೊದಲು ಸ್ವಲ್ಪ ಸುಮ್ಮನಿದ್ದರು. ಆ ಮೌನವನ್ನು ನಾನು ಎಷ್ಟೋ ದಿನ ಮನಸ್ಸಿನಲ್ಲಿ ಹಿಂದಕ್ಕೂ ಮುಂದಕ್ಕೂ ಎಳೆದಾಡಿದೆ. ಒಂದೇ ಮನೆಯಲ್ಲಿ, ಒಂದೇ ಪಂಕ್ತಿಯಲ್ಲಿ ಕೂತು ಉಣ್ಣುವ ನಾಲ್ಕೂ ಜನ ಒಬ್ಬರ ಮುಖವನ್ನು ಒಬ್ಬರು ಕದ್ದು ಓದುತ್ತಿದ್ದೆವು.

ಎದುರು ಮನೆಯ ಕಿಟಕಿಗಳು ಹಾಕಿಯೇ ಇರುತ್ತಿದ್ದವು. ಹುಡುಗಿ ಹೊರಗೆ ಕಾಣಿಸುತ್ತಿರಲಿಲ್ಲ.

ಗಂಡನಿಗೆ ಊಟ ಬಡಿಸಿ ಆಫೀಸಿಗೆ ಕಳಿಸಿದ ಒಂದು ಬೆಳಿಗ್ಗೆ, ನಮ್ಮ ಮನೆಗೆ ಬಂದಿದ್ದ ಪತ್ರಿಕೆಯನ್ನು ಹಿತ್ತಲಿನ ಬಿಸಿಲಿಗೆ ತೆಗೆದುಕೊಂಡು ಹೋದೆ. ಇಷ್ಟು ದಿನ ಅದನ್ನು ನಾನು ಹೆಸರಾಗಿ ಓದಿದ್ದೆ. ಅಂದು ಒಂದೊಂದೇ ಅಕ್ಷರವಾಗಿ ನೋಡಿದೆ. ಇಬ್ಬರ ಹೆಸರಿನಲ್ಲೂ ಒಂದೊಂದು 'ರ' ಇತ್ತು. ಎರಡೂ ಒಂದೇ. ಒಂದೇ ಥರ ಅಂತಲ್ಲ, ಒಂದೇ. ಕೈಯಲ್ಲಿ ಬರೆದ ಎರಡು 'ರ' ಹಾಗಿರುವುದಿಲ್ಲ. ಒಂದರ ಹೊಟ್ಟೆ ಒಂದು ಕೂದಲೆಳೆ ದಪ್ಪವಾಗುತ್ತದೆ, ಇನ್ನೊಂದರ ತಲೆ ಸ್ವಲ್ಪ ಎತ್ತರ ಹೋಗುತ್ತದೆ. ಹುಡುಗನ ಹೆಸರಿನ ನಡುವೆ ಬಂದಿದ್ದ 'ಯ' ಇನ್ನೂ ವಿಚಿತ್ರವಾಗಿತ್ತು. ಅದರಿಂದ ಬಳ್ಳಿಯೊಂದು ಹೊರಟು, ಹೊರಟಲ್ಲೇ ಕತ್ತರಿಸಿಹೋಗಿತ್ತು. ಹೆಸರಿನ ನಡುವಿನ 'ಯ'ಗೆ ನಾನು ಬಳ್ಳಿ ಬಿಡುವುದಿಲ್ಲ. ಅದು ಇನ್ಯಾವುದೋ ಹೆಸರಿನ ಕೊನೆಯಲ್ಲಿದ್ದ ಅಕ್ಷರ.

ಮತ್ತೆ 'ರ'ಗಳನ್ನು ನೋಡಿದೆ. ಎರಡರ ಬಲಬದಿಯಲ್ಲೂ, ಅದೇ ಜಾಗದಲ್ಲಿ, ಸೂಜಿಮೊನೆಯಷ್ಟು ಬಿಳಿ ಕಚ್ಚು.

ಆ ಕಚ್ಚು ನನಗೆ ಗೊತ್ತಿತ್ತು. ಹಿಂದೊಂದು ಮದುವೆಯ ಬ್ಲಾಕು ಮಾವನವರ ಕೈಜಾರಿ ಕಲ್ಲಿನ ಮೇಲೆ ಬಿದ್ದಿತ್ತು. ಅದರ 'ರ'ಗೆ ಕಚ್ಚು ಬಿದ್ದದ್ದು ಗೊತ್ತಾಗದೆ ಒಂದಷ್ಟು ಪತ್ರಿಕೆ ಅಚ್ಚಾಗಿಬಿಟ್ಟಿದ್ದವು. ಮಾವನವರು ಅಷ್ಟನ್ನೂ ಬದಿಗೆ ಹಾಕಿ, ಹೊಸ ಬ್ಲಾಕು ಮಾಡಿಸಿ, ಮತ್ತೆ ಅಚ್ಚು ಹಾಕಿಸಿದ್ದರು. ಕಚ್ಚು ಬಿದ್ದ ಪತ್ರಿಕೆಗಳು ಯಾರ ಮನೆಗೂ ಹೋಗಲಿಲ್ಲ. ಆ ಕಟ್ಟನ್ನು ನಾನೇ ಎದುರು ಮನೆಯ ಹುಡುಗಿಗೆ ಕಸೂತಿಗೆಂದು ಕೊಟ್ಟಿದ್ದೆ.

ಅವಳ ತಾಯಿ ತಾರಸಿಯ ಮೇಲೆ ಸಂಡಿಗೆ ಇಡುತ್ತಿದ್ದರು. ನಾನು ಸಂಡಿಗೆ ಹಿಟ್ಟಿನ ಹದ ಕೇಳುವ ನೆವದಲ್ಲಿ ಹೋದೆ. ತಾಯಿ ನನ್ನನ್ನು ನೋಡಿ ಮುಖ ತಿರುಗಿಸಿದರೂ ಹೋಗು ಅನ್ನಲಿಲ್ಲ. ಅವರು ಇನ್ನಷ್ಟು ಹಿಟ್ಟು ತರಲು ಕೆಳಗಿಳಿದಾಗ, ಕಾಗೆ ಕಾಯುತ್ತ ಕೂತಿದ್ದ ಹುಡುಗಿಯ ಹತ್ತಿರ ಹೋದೆ.

"ಕತ್ತರಿಸಿ ಅಂಟಿಸಿದ್ದು ನೀನೇ ತಾನೆ?"

ಅವಳು ಇಲ್ಲ ಅನ್ನಲು ಬಾಯಿ ತೆರೆದಳು. ನಾನು ಪತ್ರಿಕೆಯನ್ನು ತೆಗೆದು 'ರ' ಮೇಲೆ ಬೆರಳಿಟ್ಟೆ.

"ಅಕ್ಕಾ, ಅಪ್ಪಂಗೆ ಹೇಳ್ತೀರಾ?"

"ಮೊದಲು ನೀನು ನಂಗೆ ಹೇಳು. ಓಡಿಹೋಗೋರು ಯಾರಾದ್ರೂ ಪತ್ರಿಕೆ ಮಾಡಿಸ್ತಾರಾ?"

"ಓಡಿಹೋಗಬಾರದು ಅಂತಾನೇ ಮಾಡಿಸಿದ್ದು" ಎಂದಳು. ಒಮ್ಮೆ ಬಾಯಿ ಬಿಟ್ಟ ಮೇಲೆ ನಿಲ್ಲಿಸಲಿಲ್ಲ. "ಸುಮ್ನೆ ಹೊರಟುಹೋದ್ರೆ ಎಲ್ಲಾರೂ ಓಡಿಹೋದ್ಲು ಅಂತಾರೆ. ಸಾಯೋವರೆಗೂ ಅದೇ ಹೆಸರು ಉಳಿಯತ್ತೆ. ಪತ್ರಿಕೆ ಮನೆಮನೆಗೆ ಹೋದ್ರೆ ಮದುವೆ ಅಂತಾರೆ. ಮಾಮೂಲಿ ಅಕ್ಷರದಲ್ಲಿ ಮಾಡಿಸಿದ್ರೆ ಯಾರೋ ತಮಾಷೆಗೆ ಕಳ್ಸಿದಾರೆ ಅಂದ್ಕೊಂಡಿರೋರು. ಈ ಕಡೆ ದೊಡ್ಡ ಮದುವೆಗಳೆಲ್ಲ ನಿಮ್ ಅಕ್ಷರದಲ್ಲೇ ತಾನೆ ಬರೋದು? ಅದನ್ನ ನೋಡಿದ್ರೆ, ಹಿರಿಯರು ನಿಂತು ಮಾಡಿಸಿದ್ದು ಅಂತ ಜನ ನಂಬ್ತಾರೆ ಅನ್ಕೊಂಡೆ."

ಕಸೂತಿ ಕತ್ತರಿಯಲ್ಲಿ ಅಕ್ಷರ ಬಿಡಿಸಿ, ಅನ್ನದ ಅಂಟಿನಲ್ಲಿ ಕಾಗದಕ್ಕೆ ಕೂರಿಸಿ ಹುಡುಗನ ಕೈಗೆ ಕೊಟ್ಟಿದ್ದಳು. ಅವನು ಪೇಟೆಯಲ್ಲಿ ಯಾವುದೋ ಪ್ರೆಸ್ಸಿನಲ್ಲಿ ಅದನ್ನೇ ಬ್ಲಾಕ್ ಮಾಡಿಸಿದ್ದ. ನನ್ನ ಗಂಡನಿಗೆ ಇದೆಲ್ಲ ಗೊತ್ತಿತ್ತಾ ಎಂದು ಕೇಳಿದೆ. ಅವಳಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಆ ಅರ್ಥವಾಗದ ಮುಖ ನೋಡಿ ನನಗೆ ಎಷ್ಟು ಸಮಾಧಾನವಾಯಿತೋ.

"ನಿನ್ನಿಂದ ನಮ್ಮನೇಲಿ ನನ್ನನ್ನ ಕಳ್ಳಿ ಥರ ನೋಡ್ತಿದಾರೆ" ಎಂದೆ. "ನಿಮ್ಮಪ್ಪಂಗೆ ನೀನೇ ಹೇಳು. ನಾನೇ ಬಂದು ಅವರಿಗೆ ಹೇಳೋ ಹಾಗೆ ಮಾಡ್ಬೇಡ."

ಮನೆಗೆ ಬಂದು ನೇರ ಶೆಡ್ಡಿಗೆ ಹೋದೆ. ಮಾವನವರು ಭೂತಗನ್ನಡಿ ಹಿಡಿದು ಕಚ್ಚನ್ನು ನೋಡಿದರು, 'ಯ'ದ ಮುರಿದ ಬಳ್ಳಿ ನೋಡಿದರು. ಸಿಟ್ಟಾಗುತ್ತಾರೆ ಅಂದುಕೊಂಡಿದ್ದೆ. ಅವರು ಭೂತಗನ್ನಡಿಯನ್ನು ಕೆಳಗಿಟ್ಟು, ಆ ಹೆಸರುಗಳ ಮೇಲೆ ಬೆರಳಾಡಿಸಿದರು.

"ಬಿಡಿಬಿಡಿ ಮಾಡಿ ಜೋಡಿಸಿದ್ರೂ ಸರಿಯಾಗಿ ಕೂತ್ಕೊಳ್ಳತ್ತಲ್ಲಮ್ಮ ಇದು" ಎಂದರು. "ಒಂದೊಂದು ಮದುವೆಗೂ ನಿನ್ನ ಕೂರಿಸಿ ಬರೆಸ್ತಿದ್ವಿ. ಆ ಹುಡುಗಿಗೆ ಹೊಳೆದದ್ದು ನಮಗೆ ಹೊಳೀಲಿಲ್ಲ ನೋಡು." ಆಮೇಲೆ, ನನ್ನ ಕಡೆ ನೋಡದೆ, "ನಿನ್ನ ಮೇಲೆ ಅನುಮಾನ ಪಟ್ಟೆ. ತಪ್ಪು ನಂದು" ಎಂದರು. ಹುಡುಗಿ ಬಾಯಿ ಬಿಡುವವರೆಗೆ ಇದು ಶೆಡ್ಡಿನಿಂದಾಚೆ ಹೋಗುವುದು ಬೇಡ ಅಂತಲೂ ಹೇಳಿದರು.

ಮರುದಿನ ಸಂಜೆ ಎದುರು ಮನೆಯಲ್ಲಿ ಗಲಾಟೆ ಕೇಳಿಸಿತು. ಯಜಮಾನರ ದನಿ, ತಾಯಿಯ ಅಳು, ಮತ್ತೆ ಯಜಮಾನರ ದನಿ. ಹುಡುಗಿಯ ದನಿ ಕೇಳಿಸಲಿಲ್ಲ. ಮಾರನೆಯ ಬೆಳಿಗ್ಗೆ ಯಜಮಾನರು ಹೊಲಕ್ಕೆ ಹೋಗಲಿಲ್ಲ. ಅವರ ಮನೆಯ ಮುಂದೆ ನೆಂಟರ ಜಟಕಾ ಬಂದು ನಿಂತದ್ದನ್ನು ಅತ್ತೆ ಕಿಟಕಿಯಿಂದ ನೋಡಿ, "ಪಂಚಾಯ್ತಿ ಸೇರಿಸಿದಾರೆ. ಇನ್ನು ನಮ್ಮನ್ನೂ ಕರೀತಾರೆ" ಎಂದು ಹೆದರಿದರು.

ಕರೆಯಲಿಲ್ಲ, ಯಜಮಾನರೇ ಶೆಡ್ಡಿಗೆ ಬಂದರು. ಈ ಸಲ ಚಪ್ಪಲಿಯನ್ನು ಹೊರಗೆ ಬಿಟ್ಟರು. ಅತ್ತೆ ಬಾಗಿಲ ಹಿಂದೆ ನಿಂತರು, ನಾನು ಅತ್ತೆಯ ಹಿಂದೆ. ಯಜಮಾನರು ಸ್ಟೂಲಿನ ಮೇಲೆ ಕೂತು, ಅದೇ ಪತ್ರಿಕೆಯನ್ನು ಮಾವನವರ ಮುಂದೆ ಇಟ್ಟರು.

"ಅರ್ಧ ಬೆಂಗಳೂರಿಗೆ ಇದು ಹೋಗೈತೆ ಸ್ವಾಮಿ. ಅರೆಕೆರೆಯಿಂದ ನನ್ ತಂಗಿ ಬಂದು, ಧಾರೆಗೆ ಯಾವ ಬಣ್ಣದ ಸೀರೆ ತೆಗೆದಿದ್ದೀಯಾ ಅಂತ ಕೇಳ್ತಾವ್ಳೆ. ಏನ್ ಹೇಳ್ಲಿ ಅವ್ಳಿಗೆ?"

ಮಾವನವರು ಪತ್ರಿಕೆಯತ್ತ ಬಗ್ಗಿದರು. ಯಜಮಾನರು ಮುಂದುವರಿಸಿದರು.

"ಮದುವೆ ಇಲ್ಲ ಅಂತ ಮನೆಮನೆಗೆ ಹೋಗಿ ಹೇಳೋದು ನನ್ ಕೈಲಾಗಲ್ಲ. ಹುಡುಗನ್ನ ಕರೆಸಿದ್ದೆ. ಕೈಕಟ್ಕೊಂಡು ನಿಂತ. ಕೆಟ್ಟೋನಲ್ಲ." ಪತ್ರಿಕೆಯ ಕೆಳಗಿನ ಖಾಲಿ ಜಾಗದ ಮೇಲೆ ಹೆಬ್ಬೆರಳಿಟ್ಟರು. "ಇಲ್ಲಿ ನನ್ ಹೆಸ್ರಿಲ್ಲ. ಅದೊಂದು ನೋಡಕ್ಕಾಗ್ತಿಲ್ಲ. ನನ್ ಹೆಸ್ರು, ನಮ್ಮನೆಯವಳ ಹೆಸ್ರು ಹಾಕಿ ಬೇರೆ ಮಾಡ್ಕೊಡಿ. ಅಕ್ಷರ ಇದೇ ಇರ್ಲಿ."

ಅತ್ತೆ ತಾವಾಗಿಯೇ ಹೋಗಿ ಶಾಯಿಯ ಬಾಟಲಿಯನ್ನು ತಂದುಕೊಟ್ಟರು. ಆ ಜೋಡಿಯ ಹೆಸರನ್ನು ನಾನು ನಿಜವಾಗಿ ಬರೆದದ್ದು ಅಂದು. ಮಾವನವರು ತಾವೇ ಬ್ಲಾಕು ಮಾಡಿಸಲು ಹೋದರು. ದೇವಸ್ಥಾನದಲ್ಲೇ ಮದುವೆಯಾಯಿತು. ಹುಡುಗನ ಕಡೆಯಿಂದ ಅವನ ಚಿಕ್ಕಪ್ಪ ಒಬ್ಬರೇ ಬಂದಿದ್ದರು. ಯಜಮಾನರು ಯಾರ ಜೊತೆಯೂ ಹೆಚ್ಚು ಮಾತಾಡದೆ ಧಾರೆ ಎರೆದು, ಊಟದ ಹೊತ್ತಿಗೆ ಮಾತ್ರ ಎಲೆಯಿಂದ ಎಲೆಗೆ ಹೋಗಿ ವಿಚಾರಿಸಿಕೊಂಡರು.

ವಾಪಸು ಬರುವಾಗ ಬಸ್ಸಿಗೆ ಕಾಯುತ್ತ ನಿಂತಿದ್ದೆವು. ಗಂಡಸರು ಸ್ವಲ್ಪ ದೂರದಲ್ಲಿದ್ದರು. ಅತ್ತೆ ನನ್ನ ಹತ್ತಿರ ಸರಿದು ಮೆಲ್ಲಗೆ, "ಈಗ್ಲಾದ್ರೂ ನಿಜ ಹೇಳೇ. ಮೊದಲನೇದೂ ನೀನೇ ಬರೆದುಕೊಟ್ಟಿದ್ದು ತಾನೆ? ನಾನು ಯಾರಿಗೂ ಹೇಳಲ್ಲ" ಎಂದರು.

"ಇಲ್ಲ ಅತ್ತೆ."

"ಆಯ್ತು ಬಿಡು" ಎಂದರು. ನಂಬಿರಲಿಲ್ಲ. ಆದರೆ ಈಗ ಅವರ ಅನುಮಾನದಲ್ಲಿ ಮೊದಲಿನ ಕಹಿ ಇರಲಿಲ್ಲ, ಒಂದು ಥರದ ಮೆಚ್ಚುಗೆ ಸೇರಿಕೊಂಡಿತ್ತು.

ಮಾವನವರು ಆ ವರ್ಷದ ಮಳೆಗಾಲವೆಲ್ಲ ನನ್ನಿಂದ ಬಿಡಿ ಅಕ್ಷರಗಳನ್ನೇ ಬರೆಸಿದರು. ಬಳ್ಳಿ ಇರುವ 'ಯ' ಬೇರೆ, ಇಲ್ಲದ 'ಯ' ಬೇರೆ. ಒತ್ತಕ್ಷರಗಳಿಗೆ ತಿಂಗಳುಗಟ್ಟಲೆ ಹಿಡಿಯಿತು. ಕೊನೆಗೆ ಒಂದೊಂದನ್ನೂ ಸಣ್ಣ ಸಣ್ಣ ಬ್ಲಾಕು ಮಾಡಿಸಿ, ಖಾನೆಗಳಿಗೆ ತುಂಬಿಸಿದರು. ಅಲ್ಲಿಂದ ಮುಂದೆ ಯಾರ ಹೆಸರೇ ಬರಲಿ, ಮೊಳೆ ಜೋಡಿಸುವವರೇ ಅದನ್ನು ನನ್ನ ಅಕ್ಷರದಲ್ಲಿ ಜೋಡಿಸುತ್ತಿದ್ದರು. ನನಗೆ ಗೊತ್ತೂ ಆಗುತ್ತಿರಲಿಲ್ಲ. ಯಾರದೋ ಮನೆಗೆ ಅರಿಶಿನ ಕುಂಕುಮಕ್ಕೆ ಹೋದರೆ ಗೋಡೆಯ ಕ್ಯಾಲೆಂಡರಿನಿಂದ, ಮೇಜಿನ ಮೇಲಿನ ಪತ್ರಿಕೆಯಿಂದ ನನ್ನ ಕೈಬರಹ ನನ್ನನ್ನು ನೋಡುತ್ತಿತ್ತು. ಇದು ನಾನು ಬರೆದದ್ದೋ ಜೋಡಿಸಿದ್ದೋ ಅಂತ, ಕೈಗೆತ್ತಿಕೊಂಡು ಎರಡು 'ರ' ಒಂದೇ ಇವೆಯಾ ಎಂದು ನೋಡುವುದು ನನಗೆ ಅಭ್ಯಾಸವಾಗಿಬಿಟ್ಟಿತು. ಮನೆಯವರು ಪಕ್ಕದಲ್ಲಿ ಕೂತು, "ಏನು ಹುಡುಕ್ತಿದ್ದೀಯ?" ಅನ್ನುವರು. ಏನೂ ಇಲ್ಲ ಎಂದು ಪತ್ರಿಕೆಯನ್ನು ಕೆಳಗಿಡುತ್ತಿದ್ದೆ.